ಕಾರಿಗೆ ಪ್ರವೇಶವಿಲ್ಲದ ದಾರಿ

ಶುಕ್ರವಾರ ಬೆಳಿಗ್ಗೆ ಬಹ್ರೇನಿನ ಮಾಹೂಝ್‌ನ ಆ ಕಟ್ಟಡದ ಲಿಫ್ಟು ತೆರೆದುಕೊಂಡರೆ ಮೊದಲು ಹೊರಬರುವುದು ಸೈಕಲ್ಲಿನ ಮುಂದಿನ ಚಕ್ರ, ಅದರ ಹಿಂದೆ ಜೊಕಿಮ್. ಅಷ್ಟು ಹೊತ್ತಿಗೆ ಅವನ ಹೆಂಡತಿ ಅಪೊಲಿನ್ ಫ್ಲ್ಯಾಟಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದು ನಿಂತಿರಬೇಕು. ಹ್ಯಾಂಡಲ್ಲು ಗೋಡೆಗೆ ತಾಗಬಾರದು. ಗೋಡೆಯ ಬಣ್ಣ ಹೋಗುತ್ತದೆಂದಲ್ಲ, ಹ್ಯಾಂಡಲ್ಲಿಗೆ ಗೀರು ಬೀಳುತ್ತದೆಂದು.

ಜೊಕಿಮ್‌ಗೆ ಐವತ್ತು ದಾಟಿದೆ. ಅಸ್ಕರ್‌ನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ವರ್ಷವೇ ಅವನು ಸೈಕಲ್ ತಂದ. ಅದೇ ವರ್ಷ, ಅದೇ ಡಾಕ್ಟರು ಅಪೊಲಿನ್‌ಗೂ ಅದೇ ಮಾತು ಹೇಳಿದ್ದರು. ಅವಳು ಅನ್ನ ಕಡಿಮೆ ಮಾಡಿದಳು.

ಸೈಕಲ್ಲಿನ ಜೊತೆಗೆ ಗೆಳೆಯರೂ ಬಂದರು. ಜುಫೈರ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುವ ಬಜ್ಪೆಯ ಜೆರಿ, ದಾವಣಗೆರೆ ಕಡೆಯ ಇಂಜಿನಿಯರ್ ಹರಿಹರ, ಬ್ಯಾಂಕಿನಲ್ಲಿರುವ ಬೆಂಗಳೂರಿನ ಮಾನಸ. ಶುಕ್ರವಾರ ನಸುಕಿಗೇ ಹೊರಟು, ಸಿತ್ರಾ ಸೇತುವೆ ದಾಟಿ, ಬಿಸಿಲು ಚುರುಕಾಗುವ ಮೊದಲು ಮರಳುವುದು ಇವರ ಕ್ರಮ. ಮರಳಿದ ಮೇಲೆ ಯಾರಾದರೊಬ್ಬರ ಮನೆಯಲ್ಲಿ ನಾಷ್ಟ. ಸರದಿಯ ಪ್ರಕಾರ ಎಂದು ಮೊದಲು ಮಾತಾಗಿತ್ತು. ಜೆರಿಯ ಹೆಂಡತಿ ನರ್ಸು, ಅವಳಿಗೆ ಶುಕ್ರವಾರ ಡ್ಯೂಟಿ. ಹರಿಹರನ ಹೆಂಡತಿ ಕಾಂತಾ ತನ್ನ ಅಡುಗೆಮನೆಯಲ್ಲಿ ಮೊಟ್ಟೆಯನ್ನೂ ಒಡೆಯಲು ಬಿಡುವವಳಲ್ಲ. ಮಾನಸ ಒಬ್ಬಳೇ ಇರುವವಳು, ಅವಳ ಮನೆಯಲ್ಲಿ ತಟ್ಟೆಗಳೇ ಇಲ್ಲವಂತೆ. ಹೀಗೆ ಸರದಿ ಎಲ್ಲ ಮನೆಗಳನ್ನೂ ಸುತ್ತಿ ಪ್ರತಿ ಶುಕ್ರವಾರ ಅಪೊಲಿನ್‌ಳ ಒಲೆಗೇ ಬಂದು ನಿಲ್ಲುತ್ತಿತ್ತು.

"ಅಕ್ಕಾ, ನಿಮ್ಮ ಸನ್ನ ತಿನ್ಲಿಕ್ಕೇ ನಾನು ಸೈಕಲ್ ತುಳಿಯುದು," ಎನ್ನುತ್ತಿದ್ದ ಜೆರಿ, ಇಡ್ಲಿಯಂಥ ಆ ಮೆತ್ತನೆಯ ಸನ್ನ ಬಾಯಿಗಿಟ್ಟು, ಬೆವರಿದ ಬೆನ್ನನ್ನು ಅವಳು ನಿನ್ನೆ ಒಗೆದು ಹಾಕಿದ ಕುಶನ್ನಿಗೆ ಒತ್ತಿ.

"ತುಳಿಯದಿದ್ರೂ ಕೊಡ್ತೇನೆ ಮಾರಾಯಾ, ತಿಂದ ಪ್ಲೇಟು ನೀನೇ ತೊಳೆದ್ರೆ."

ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ.

"ಆಂಟಿ, ಇನ್ನೊಂಚೂರು ಚಟ್ನಿ ಇದ್ಯಾ?" ಎಂದಳು ಮಾನಸ.

ಅಪೊಲಿನ್‌ಗೆ ಆ 'ಆಂಟಿ' ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಅಪೊಲಿನ್‌ಗಿಂತ ಆರು ವರ್ಷ ದೊಡ್ಡವನಾದ ಜೊಕಿಮ್‌ನನ್ನು ಮಾನಸ ಬರೀ 'ಜೊಕಿಮ್' ಎಂದು ಕರೆಯುತ್ತಾಳೆ. ಸೈಕಲ್ ತುಳಿಯುವವರಿಗೆ ವಯಸ್ಸಿಲ್ಲ, ಚಟ್ನಿ ಅರೆಯುವವಳಿಗೆ ಮಾತ್ರ ಇದೆ.

ಇಗರ್ಜಿಯಲ್ಲಿ ಕೆಲವರು ಅವಳ ಕಿವಿಗೆ ಬೇರೆ ಏನೇನೋ ಹಾಕಿದ್ದರು. ನಿನ್ನ ಗಂಡನ ಪಕ್ಕದಲ್ಲಿ ಬಿಗಿ ಚಡ್ಡಿಯ ಹುಡುಗಿ, ಸ್ವಲ್ಪ ನೋಡಿಕೋ ಎಂದು. ಅಪೊಲಿನ್ ನೋಡುತ್ತಿದ್ದದ್ದು ಗಂಡನನ್ನಲ್ಲ. ಮಾನಸಳ ಮೊಣಕಾಲಿನ ಕೆಳಗೆ ಗಟ್ಟಿಯಾಗಿ ಎದ್ದು ನಿಂತ ಮಾಂಸಖಂಡವನ್ನು, ಕೈಗವಸಿನ ಗೆರೆಯವರೆಗೆ ಮಾತ್ರ ಬಿಸಿಲಿಗೆ ಸುಟ್ಟ ಅವಳ ಚರ್ಮವನ್ನು. ಮದುವೆಗೆ ಮುಂಚೆ ಕಿನ್ನಿಗೋಳಿಯಲ್ಲಿ ಅಪೊಲಿನ್‌ಗೂ ಅಂಥ ಕಾಲುಗಳಿದ್ದವು. ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡ ಸರಳಿನ ಕೆಳಗೆ ಕಾಲು ತೂರಿಸಿ ಕಲಿತು, ಆಮೇಲೆ ಸರಳಿನ ಮೇಲೆಯೇ ಕಾಲು ದಾಟಿಸಿ, ಡೈರಿಗೆ ಹಾಲಿನ ಕ್ಯಾನು ಒಯ್ಯುತ್ತಿದ್ದವಳು ಅವಳು. ಸೊಸೆಯಾಗಿ ಬಂದ ಮನೆಯಲ್ಲಿ ಸೈಕಲ್ಲು ಮೈದುನನದಾಗಿತ್ತು. ಬಹ್ರೇನಿಗೆ ಬಂದ ಮೇಲೆ ಕಾರು ಕಲಿತಳು, ಮಗಳು ಡಿಂಪಲ್‌ಳನ್ನು ಶಾಲೆಗೆ ಬಿಡಬೇಕಿತ್ತಲ್ಲ.

ಅವಳ ಕೆಲಸ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್. ಬೆಳಿಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು, ನಡುವೆ ಮಧ್ಯಾಹ್ನ ಬಿಡುವು. ಆ ಬಿಡುವಿನಲ್ಲಿ ಮೀನು ಕ್ಲೀನು ಮಾಡಿ, ಸಾರು ಮಾಡಿ, ಜೊಕಿಮ್‌ನ ಸೈಕಲ್ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಅವನ್ನು ಮೆಶಿನ್ನಿಗೆ ಹಾಕಬಾರದು, ಕಂಫರ್ಟ್ ಹಾಕಬಾರದು, ಹಿಂಡಬಾರದು. ಚಡ್ಡಿಯೊಳಗಿನ ಸ್ಪಂಜು ಹಾಳಾಗುತ್ತದೆ.

ಆ ವರ್ಷ ಜೊಕಿಮ್‌ಗೆ ಫ್ರಾನ್ಸಿನ ಹುಚ್ಚು ಹಿಡಿಯಿತು. ಬಹ್ರೇನಿನಲ್ಲಿ ಏರು ಎಂದರೆ ಸೇತುವೆ, ಇಳಿಜಾರು ಎಂದರೆ ಅದೇ ಸೇತುವೆಯ ಆಚೆ ಬದಿ. ಉಳಿದದ್ದೆಲ್ಲ ಗಾಳಿಯೊಡನೆ ಜಗಳ, ಹಿಂದಿನಿಂದ ಹಾರ್ನು. ಅಲ್ಸಾಸ್ ಎಂಬಲ್ಲಿ ಹಾಗಲ್ಲವಂತೆ. ಸಂಜೆ ಟೀವಿಯ ದೊಡ್ಡ ಪರದೆಯಲ್ಲಿ ಯಾರೋ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೊ ಓಡುತ್ತಿತ್ತು. ಗುಡ್ಡದ ತುಂಬ ದ್ರಾಕ್ಷಿಯ ಸಾಲು, ಸಾಲುಗಳ ನಡುವೆ ಕಿರಿದಾದ ದಾರಿ. ದಾರಿಯ ಬಾಯಲ್ಲಿ ಕೆಂಪು ಅಂಚಿನ ದುಂಡು ಬೋರ್ಡು. ತೋಟದವರ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಯಾವ ಗಾಡಿಯೂ ಒಳಗೆ ಹೋಗಬಾರದು. ಆ ದಾರಿ ಬಳುಕಿ ಏರಿ, ಏಳೆಂಟು ನೂರು ವರ್ಷ ಹಳೆಯ ಕೋಟೆಗೋಡೆಯ ಊರೊಂದನ್ನು ಮುಟ್ಟುತ್ತದೆ. ಮರದ ತೊಲೆಗಳು ಹೊರಗೇ ಕಾಣುವ ಓರೆ ಮನೆಗಳು, ಕಲ್ಲಿನ ಕಾರಂಜಿ, ಚಿಮಣಿಯ ಮೇಲೆ ಕೊಕ್ಕರೆಯ ಗೂಡು.

ಜೊಕಿಮ್ ಸೋಫಾದಲ್ಲಿ ಕಾಲು ಚಾಚಿ ನೋಡುತ್ತಿದ್ದ. ಅಪೊಲಿನ್ ಹಿಂದೆ ನಿಂತು ಬಟ್ಟೆ ಮಡಚುತ್ತ ನೋಡುತ್ತಿದ್ದಳು. ಅವನಿಗೆ ಅರ್ಧದಲ್ಲೇ ನಿದ್ದೆ ಬರುತ್ತಿತ್ತು. ಅವಳಿಗೆ ದಾರಿ ಬಾಯಿಪಾಠವಾಯಿತು. ಶಿಲುಬೆಯ ಕಂಬದ ಹತ್ತಿರ ಎಡಕ್ಕೆ ತಿರುವು, ಅಕ್ರೋಟು ಮರದ ಕೆಳಗೆ ಬೆಂಚು, ಅಲ್ಲಿಂದ ಮುಂದೆ ಕಡಿದಾದ ಏರು.

"ಸೆಪ್ಟೆಂಬರಿಗೆ ಟಿಕೆಟು ಮಾಡ್ತಿದ್ದೇವೆ. ನೀನೂ ಬಾ ಅಪೊಲಿ," ಎಂದ ಒಂದು ದಿನ.

"ನಾನಾ?"

"ಮತ್ತೆ? ಡಿಂಪಲ್ ಹಾಸ್ಟೆಲಿನಲ್ಲಿದ್ದಾಳೆ. ಇಲ್ಲಿ ಒಬ್ಬಳೇ ಎಂತ ಮಾಡ್ತಿ?"

ಅವಳು ಕ್ಯಾನ್ವಾಸ್ ಶೂ ತಂದಳು. ಜೊಕಿಮ್ ನೈಟ್ ಶಿಫ್ಟ್ ಮುಗಿಸಿ ಮಲಗಿದ ಮಧ್ಯಾಹ್ನಗಳಲ್ಲಿ, ಸೈಕಲ್ಲಿನ ಸೀಟು ಇಳಿಸಿ, ಕೆಳಗಿನ ಪಾರ್ಕಿಂಗಿಗೆ ಒಯ್ದು, ಕಂಬಗಳನ್ನು ಸುತ್ತಿ ಸುತ್ತಿ ತುಳಿದಳು. ಮೊದಲ ದಿನ ಕಾರೊಂದರ ಕನ್ನಡಿಗೆ ಮೊಣಕೈ ತಗಲಿತು. ಆಮೇಲೆ ಮೈಗೆ ಎಲ್ಲ ನೆನಪಾಯಿತು. ಕಟ್ಟಡದ ವಾಚ್‌ಮನ್ ಅಹ್ಮದ್ ಕುಂಞಿ ಚಹಾದ ಗ್ಲಾಸು ಹಿಡಿದು ನೋಡುತ್ತಿದ್ದ.

"ಎಂತಕ್ಕ, ಎಲ್ಲಿಗೆ ಹೊರಟದ್ದು?"

"ಫ್ರಾನ್ಸಿಗೆ."

"ಹಾಗಾದ್ರೆ ಈ ಕಂಬದಿಂದ ರೈಟಿಗೆ ತೆಗೊಳ್ಳಿ. ಲೆಫ್ಟಿಗೆ ಹೋದ್ರೆ ನೀರಿನ ಟ್ಯಾಂಕಿ," ಎಂದ ಅವನು.

ಸೀಟನ್ನು ಮತ್ತೆ ಅದೇ ಗುರುತಿಗೆ ಏರಿಸಿ, ಟೈರು ಒರೆಸಿ, ಅವಳು ಸೈಕಲ್ಲನ್ನು ಹಾಲಿನಲ್ಲಿ ನಿಲ್ಲಿಸುತ್ತಿದ್ದಳು. ಫ್ರಾನ್ಸಿನಲ್ಲೇ ಅವನಿಗೆ ಗೊತ್ತಾಗಲಿ ಎಂದುಕೊಂಡಿದ್ದಳು.

ಹೊರಡುವ ತಿಂಗಳ ಒಂದು ಶುಕ್ರವಾರ ನಾಷ್ಟದ ಮೇಜಿನಲ್ಲಿ ಹರಿಹರ ಹೇಳಿದ, "ನಾಕು ಸೈಕಲ್ಲಿಗೆ ವ್ಯವಸ್ಥೆ ಆತು. ಜೊಕಿಮ್‌ದು ಇಲ್ಲಿಂದ, ಉಳಿದ ಮೂರು ಅಲ್ಲೇ ಬಾಡಿಗೆಗೆ. ವ್ಯಾನೂ ಬುಕ್ ಆತು. ಡ್ರೈವರ್ರೇ ಒಂದು ತಲೆನೋವಾಗಿತ್ತು ನೋಡ್ರಿ."

"ಅದಕ್ಕೇ ಅಲ್ವಾ ಅಪೊಲಿನ್ ಬರುದು," ಎಂದ ಜೊಕಿಮ್, ಬಾಯಲ್ಲಿ ಸನ್ನ ಇಟ್ಟುಕೊಂಡು. "ಬಹ್ರೇನಿನ ಹಾಗೇ ಅಲ್ಲೂ ರೈಟ್ ಸೈಡು. ಗೇರ್ ಗಾಡಿಯೂ ಬರ್ತದೆ ಇವಳಿಗೆ. ಬ್ಯಾಗೆಲ್ಲ ವ್ಯಾನಲ್ಲಿ. ನಾವು ತಲುಪುವಾಗ ಕುಚ್ಚಲಕ್ಕಿ ಗಂಜಿ ರೆಡಿ."

"ಅಕ್ಕ ಇದ್ರೆ ಫ್ರಾನ್ಸ್ ಆದ್ರೂ ಊರೇ!" ಎಂದ ಜೆರಿ.

ನಾಲ್ಕು ಸೈಕಲ್, ಐದು ಜನ. ಅಪೊಲಿನ್ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತಳು. ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಆ ದಾರಿಯನ್ನು ಟೀವಿಯಲ್ಲೂ ನೋಡಲಾಗುವುದಿಲ್ಲ ಎಂದು ಅವಳಿಗೆ ಅನಿಸಿತು. ಅಲ್ಲಿ ಹೋದ ಮೇಲೆ ಒಂದು ಬೆಳಗ್ಗೆಯಾದರೂ, ಅರ್ಧ ಗಂಟೆಯಾದರೂ, ಯಾರದಾದರೂ ಸೈಕಲ್ ಕೇಳಬೇಕು. ಕ್ಯಾನ್ವಾಸ್ ಶೂವನ್ನು ಅವಳು ಕುಚ್ಚಲಕ್ಕಿಯ ಚೀಲದ ಕೆಳಗೆ ಇಟ್ಟು ಪ್ಯಾಕು ಮಾಡಿದಳು.

ಅಲ್ಸಾಸ್ ವಿಡಿಯೊಗಿಂತ ಚೆನ್ನಾಗಿತ್ತು. ಅವಳು ಅದನ್ನು ಎಡ ಕಿಟಕಿಯಿಂದ ನೋಡಿದಳು. ಬೆಳಿಗ್ಗೆ ಆ ನಾಲ್ವರು ಕೆಂಪು ಅಂಚಿನ ಬೋರ್ಡು ದಾಟಿ ದ್ರಾಕ್ಷಿಯ ಸಾಲುಗಳ ನಡುವೆ ಮರೆಯಾಗುತ್ತಿದ್ದರು. ಅವಳ ವ್ಯಾನಿಗೆ ಒಳಗೆ ಪ್ರವೇಶವಿಲ್ಲ. ಕೆಳಗಿನ ದೊಡ್ಡ ರಸ್ತೆಗಿಳಿದು, ಲಾರಿಗಳ ನಡುವೆ ನುಗ್ಗಿ, ವೃತ್ತಗಳಲ್ಲಿ ಸುತ್ತಿ, ಮುಂದಿನ ಊರಿಗೆ ಅವರಿಗಿಂತ ಮೊದಲು ಮುಟ್ಟಬೇಕು. ಬಾಡಿಗೆ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ಐವರ ಬ್ಯಾಗು ಹೊತ್ತು ಹಾಕಬೇಕು. ಗಂಜಿಗಿಡಬೇಕು, ಹಿಂದಿನ ದಿನದ ಬಟ್ಟೆ ಒಗೆದು ಹಿಂಡದೆ ಹರವಬೇಕು.

ಮಧ್ಯಾಹ್ನ ಅವರು ಕೆಂಪಗಾಗಿ, ನಗುತ್ತ ಬರುತ್ತಿದ್ದರು.

"ಒಂದು ಹಾರ್ನು ಇಲ್ಲ ಅಪೊಲಿ! ಕಿವಿಗೆ ಬರೀ ಹಕ್ಕಿ. ನೀನು ಕೇಳಬೇಕಿತ್ತು," ಎಂದ ಜೊಕಿಮ್.

ಅವರ ಪಾಲಿನ ಹಾರ್ನುಗಳನ್ನೆಲ್ಲ ಅವಳು ಕೇಳಿ ಮುಗಿಸಿದ್ದಳು. "ಉಪ್ಪಿನಕಾಯಿ ಬೇಕಾ?" ಎಂದು ಕೇಳಿದಳು.

ಸೈಕಲ್ ಒಮ್ಮೆ ಕೇಳಿಯೂ ನೋಡಿದಳು. "ಒಂದು ರೌಂಡು ಹೋಗಿ ಬರ್ತೇನೆ," ಎಂದದ್ದಕ್ಕೆ ಜೊಕಿಮ್ ಹೆದರಿದವನ ಹಾಗೆ ನಕ್ಕ. "ಇದು ನಿನ್ನ ಹಾಲಿನ ಸೈಕಲ್ ಅಲ್ಲ ಮಾರಾಯ್ತಿ. ಬಿದ್ದು ಕೈ ಮುರಿದ್ರೆ ವ್ಯಾನು ಯಾರು ಓಡಿಸುದು?"

ಗಾಯವಾದರೆ ಅವಳಿಗಾಗುವ ನೋವಿನ ಮಾತು ಅಲ್ಲಿ ಬರಲೇ ಇಲ್ಲ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಪಾತ್ರೆ ಉಜ್ಜುವಾಗ ಹೊರಗೆ ಗೋಡೆಗೊರಗಿದ ನಾಲ್ಕು ಸೈಕಲ್ಲುಗಳು ಕಾಣುತ್ತಿದ್ದವು. ಅವುಗಳ ಚಕ್ರಕ್ಕಂಟಿದ ಆ ದಾರಿಯ ಮಣ್ಣಿನ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ಟೀವಿಯಲ್ಲಿ ನೋಡಿದ ಕೋಟೆಯೂರಿನ ಏರು ಬಂದದ್ದು ಪ್ರವಾಸದ ಕೊನೆಯ ಹೊತ್ತಿಗೆ. ಹಿಂದಿನ ಸಂಜೆ ಮಾನಸಳ ಮೊಣಕಾಲು ಊದಿಕೊಂಡಿತ್ತು. ಬೆಳಿಗ್ಗೆ ಮೂವರು ಗಂಡಸರು ಬಳಸು ದಾರಿ ಹಿಡಿದು ಹೊರಟರು. ಮಾನಸ ಐಸಿನ ಚೀಲ ಹಿಡಿದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. ಅವಳ ಸೈಕಲ್ಲು ವ್ಯಾನಿನ ಹಿಂದೆ ಕಟ್ಟಿಸಿಕೊಂಡಿತು. ಮಧ್ಯಾಹ್ನ ಮೇಲಿನ ಊರಿನ ಕಾರಂಜಿಯ ಹತ್ತಿರ ಸೇರುವುದು, ಅಪೊಲಿನ್ ಸಾಮಾನು ತಂದು ಅಲ್ಲೇ ಊಟ ಕೊಡುವುದು ಎಂದು ಮಾತು. ಅಕ್ಕಿ ಖಾಲಿಯಾಗಿತ್ತು. ದಾರಿಯಲ್ಲಿ ಬ್ರೆಡ್ಡು, ಮೊಟ್ಟೆ, ಹಣ್ಣು ಕೊಂಡರಾಯಿತು ಎಂದುಕೊಂಡಿದ್ದಳು.

ಏರಿನ ಬುಡದ ಊರಿನಲ್ಲಿ ಅಂಗಡಿಯೊಂದರ ಮುಂದೆ ವ್ಯಾನು ನಿಲ್ಲಿಸಿ, ಅಪೊಲಿನ್ ಎಂದಿನಂತೆ ಎರಡು ಸಲ ಹಾರ್ನು ಒತ್ತಿದಳು. ಮಾಹೂಝ್‌ನಲ್ಲಿ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯ ಮುಂದೆ ಹಾರ್ನು ಒತ್ತಿದರೆ ಅಂಗಡಿಯವನು ಕಾರಿನ ಕಿಟಕಿಗೇ ಬಂದು ಏನು ಬೇಕೆಂದು ಕೇಳುತ್ತಾನೆ. ಇಷ್ಟು ವರ್ಷಗಳ ಅಭ್ಯಾಸ, ಕೈಗೆ ದೇಶ ಗೊತ್ತಾಗುವುದಿಲ್ಲ. ಇಲ್ಲಿ ಮೇಲಿನ ಕಿಟಕಿ ತೆರೆಯಿತು. ಬಿಳಿಗೂದಲ ಮುದುಕಿಯೊಬ್ಬಳು ತುಟಿಗೆ ಬೆರಳಿಟ್ಟು, ಎದುರಿನ ಇಗರ್ಜಿಯ ಕಡೆ ಕೈ ತೋರಿಸಿ, ಸಿಟ್ಟಿನಲ್ಲಿ ಏನೋ ಹೇಳಿ ಕಿಟಕಿ ಮುಚ್ಚಿಕೊಂಡಳು.

ಆಗ ಗಂಟೆ ಹೊಡೆಯಿತು. ಒಳಗಿಂದ ಹಾಡು ಕೇಳಿಸಿತು. ಅಪೊಲಿನ್ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ, ಇವತ್ತು ಆದಿತ್ಯವಾರ!"

"ಸೋ? ಸಂಡೇ ವರ್ಕಿಂಗ್ ಡೇ ಅಲ್ವಾ?" ಎಂದಳು ಮಾನಸ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಹ್ರೇನಿನಲ್ಲಿ ಆದಿತ್ಯವಾರ ಆಫೀಸಿನ ಮೊದಲ ದಿನ. ಇಗರ್ಜಿಯ ಪೂಜೆಯನ್ನೂ ಶುಕ್ರವಾರವೇ ಮುಗಿಸಿ ರೂಢಿ. ಅಪೊಲಿನ್‌ಳ ಆದಿತ್ಯವಾರ ಎಂದೋ ಶುಕ್ರವಾರಕ್ಕೆ ಸರಿದುಹೋಗಿತ್ತು, ಅಲ್ಲಿಂದ ಸನ್ನ, ಚಟ್ನಿಯೊಳಗೆ ಕಾಣೆಯಾಗಿತ್ತು. ಇಲ್ಲಿ ಬೀದಿಯುದ್ದಕ್ಕೂ ಬಾಗಿಲು ಮುಚ್ಚಿತ್ತು. ವ್ಯಾನಿನಲ್ಲಿ ಇದ್ದದ್ದು ಖಾಲಿ ಅಕ್ಕಿ ಚೀಲ, ಅರ್ಧ ಬಾಟ್ಲಿ ಉಪ್ಪಿನಕಾಯಿ, ಸೀಟುಗಳ ಮೇಲೆ ಹರವಿದ ಜೆರ್ಸಿಗಳು.

ಬೇಯಿಸಲಿಕ್ಕೆ ಏನೂ ಇಲ್ಲ. ಕೊಳ್ಳಲಿಕ್ಕೂ ಆಗುವುದಿಲ್ಲ. ಮದುವೆಯಾದ ಮೇಲೆ ಅವಳಿಗೆ ಮೊದಲ ಬಾರಿ ಮಧ್ಯಾಹ್ನದ ಊಟಕ್ಕೆ ಏನೂ ಮಾಡುವಂತಿರಲಿಲ್ಲ. ರಸ್ತೆಯ ಕೊನೆಯಲ್ಲಿ ಕೆಂಪು ಅಂಚಿನ ಬೋರ್ಡು ಕಾಣುತ್ತಿತ್ತು. ಅದರಾಚೆ ಶಿಲುಬೆಯ ಕಂಬ.

"ಮಾನಸ, ನಿನ್ನ ಸೈಕಲ್ ಕೊಡು."

"ಆಂಟಿ, ನಿಮಗೆ ಬರುತ್ತಾ?"

"ನಿನ್ನ ಅಮ್ಮ ಹುಟ್ಟಿದ ಕಾಲದಿಂದ."

ಮಾನಸ ನಗಲಿಲ್ಲ. "ವ್ಯಾನ್ ಮೇಲೆ ತರೋರು ಯಾರು? ನನಗೆ ಗೇರ್ ಗಾಡಿ ಬರಲ್ಲ. ಅವರೆಲ್ಲ ಕಾಯ್ತಿರ್ತಾರೆ."

"ಕಾಯ್ಲಿ. ನಾನು ದಿನಾ ಕಾಯ್ತೇನಲ್ಲ."

ಮಾನಸ ಐಸಿನ ಚೀಲ ಪಕ್ಕಕ್ಕಿಟ್ಟು, ಕುಂಟುತ್ತ ಇಳಿದು, ಸೈಕಲ್ಲಿನ ಪಟ್ಟಿ ಬಿಚ್ಚಿದಳು. "ಸೀಟು ಎಷ್ಟು ಇಳಿಸ್ಲಿ?" ಎಂದು ಕೇಳಿದಳು. ಹೆಲ್ಮೆಟ್ಟನ್ನು ತಾನೇ ಅಪೊಲಿನ್‌ಳ ಗದ್ದದ ಕೆಳಗೆ ಬಿಗಿದಳು. ಅಷ್ಟು ಹತ್ತಿರದಿಂದ ನೋಡಿದಾಗ ಅವಳ ಕಣ್ಣಿನಲ್ಲಿ ಅಪೊಲಿನ್‌ಗೆ ಗುರುತಿದ್ದ ಒಂದು ಉರಿ ಕಾಣಿಸಿತು. ಅದನ್ನು ಕಂಡು ಅಪೊಲಿನ್‌ಗೆ ಖುಷಿಯಾಯಿತು ಎಂದರೆ ಸುಳ್ಳಲ್ಲ. ಅವಳು ಕ್ಯಾನ್ವಾಸ್ ಶೂ ತೊಟ್ಟು, ಸೀಟಿನ ಮೇಲೆ ಒಣಗುತ್ತಿದ್ದ ಜೊಕಿಮ್‌ನ ಹಳದಿ ಜೆರ್ಸಿಯನ್ನು ಎಳೆದು ತನ್ನ ಅಂಗಿಯ ಮೇಲೇ ಹಾಕಿಕೊಂಡಳು. ಒಗೆದವಳು ತಾನು ತಾನೇ.

ಬೋರ್ಡು ದಾಟಿದ ಕೂಡಲೇ ರಸ್ತೆಯ ಸದ್ದು ಕಿವಿಯಿಂದ ಕಳಚಿತು. ಉಳಿದದ್ದು ಚೈನಿನ ಟಿಕಿಟಿಕಿ, ತನ್ನದೇ ಉಸಿರು. ಎರಡೂ ಬದಿಗೆ ನೇರಳೆ ಗೊಂಚಲುಗಳು ಮೊಣಕಾಲಿನ ಎತ್ತರಕ್ಕೆ ತೂಗುತ್ತಿದ್ದವು, ಹುಳಿ ಸಿಹಿ ವಾಸನೆ. ಶಿಲುಬೆಯ ಹತ್ತಿರ ಎಡಕ್ಕೆ ತಿರುಗಿದಳು, ಯಾರನ್ನೂ ಕೇಳದೆ. ಮೊಲವೊಂದು ದಾರಿಗೆ ಬಂದು, ಅವಳನ್ನು ನೋಡಿ, ಅವಸರವಿಲ್ಲದೆ ಸಾಲಿನೊಳಗೆ ಹೋಯಿತು. ಅಕ್ರೋಟು ಮರದ ಕೆಳಗೆ ನಿಂತು ನೀರು ಕುಡಿದಳು. ಬಿದ್ದ ಕಾಯಿಯೊಂದನ್ನು ಜೇಬಿಗೆ ಹಾಕಿದಳು. ಹಾರ್ನಿಲ್ಲ ಎಂದು ಅವರು ದಿನವೂ ಹೇಳಿದ್ದು ನಿಜವಾಗಿತ್ತು. ಅದು ನಿಜವಾಗಿತ್ತು ಎಂಬುದಕ್ಕೇ ಅವಳಿಗೆ ಅಳು ಬಂತು. ಇಷ್ಟು ದಿನ ಇದನ್ನು ತಿಂದು ಬಂದು ನನ್ನ ಗಂಜಿಯನ್ನೂ ತಿಂದರಲ್ಲ!

ಕಡಿದಾದ ಏರಿನ ನಡುವೆ ಕಾಲು ಸೋತಿತು. ಇಳಿದು ತಳ್ಳಿದಳು. ಕೋಟೆಯ ಬಾಗಿಲು ಕಂಡಾಗ ಮತ್ತೆ ಹತ್ತಿದಳು.

ಕಾರಂಜಿಯ ಕಟ್ಟೆಯ ಮೇಲೆ ಮೂವರೂ ಕೂತಿದ್ದರು. ಜೊಕಿಮ್ ಮೊದಲು ಕಂಡದ್ದು ತನ್ನ ಜೆರ್ಸಿಯನ್ನು.

"ವ್ಯಾನು ಎಲ್ಲಿ?" ಎಂದ.

"ಕೆಳಗೆ."

"ಊಟ?"

"ಆದಿತ್ಯವಾರ. ಎಲ್ಲ ಬಂದ್."

ಹರಿಹರ ಮಾತ್ರ, "ಮೇಡಂ, ಆ ಏರು ಹತ್ತಿ ಬಂದ್ರೇನ್ರಿ?" ಎಂದು ಎದ್ದು ನಿಂತ.

"ಅರ್ಧ ಹತ್ತಿದೆ, ಅರ್ಧ ತಳ್ಳಿದೆ."

ತಮ್ಮ ಬಳಸು ದಾರಿಯ ಏರಿನಲ್ಲಿ ಆ ಮೂವರೂ ತಳ್ಳಿಯೇ ಬಂದಿದ್ದರು. ಜೊಕಿಮ್ ಕೈ ಚಾಚಿದ. "ಕೀ ಕೊಡು. ನಾನು ಕೆಳಗೆ ಹೋಗಿ ವ್ಯಾನು ತರ್ತೇನೆ. ನಿನಗೆ ಸುಸ್ತಾಗಿದೆ."

ಅವನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಆದರೆ ಅವನ ಕಣ್ಣು ಅವಳು ಹತ್ತಿ ಬಂದ ದಾರಿಯ ಮೇಲಿತ್ತು. ಕೋಟೆಯಿಂದ ಕೆಳಗಿನ ಊರಿನ ತನಕ ದ್ರಾಕ್ಷಿಯ ನಡುವೆ ಸುರುಳಿ ಬಿಚ್ಚಿಕೊಂಡು ಇಳಿಯುವ ಆ ದಾರಿಯನ್ನು ವಿಡಿಯೊದಲ್ಲಿ ಇಬ್ಬರೂ ನೋಡಿದ್ದರು. ತುಳಿಯುವುದೇ ಬೇಡ. ಇಷ್ಟು ಹೊತ್ತಿನ ಬೆವರಿಗೆ ಸಿಗುವ ಕೂಲಿ ಅದೊಂದೇ.

ಅಪೊಲಿನ್ ಕೀಯನ್ನು ಜೆರ್ಸಿಯ ಹಿಂದಿನ ಜೇಬಿಗೆ ಇನ್ನೂ ಒಳಕ್ಕೆ ತಳ್ಳಿದಳು.

"ಇಳಿಯುದೂ ನಾನೇ. ವ್ಯಾನು ಮೇಲೆ ಬರುದಿಲ್ಲ. ಹಸಿವಾದವರು ಕೆಳಗೆ ಬನ್ನಿ."

ಹೇಳಿ ಉತ್ತರಕ್ಕೆ ಕಾಯಲಿಲ್ಲ. ಗಾಳಿ ಜೆರ್ಸಿಯನ್ನು ಉಬ್ಬಿಸಿತು. ಹಿಂದಿನಿಂದ ಜೊಕಿಮ್, "ಬ್ರೇಕು! ಹಿಂದಿನ ಬ್ರೇಕು ಮೊದಲು ಹಿಡಿ!" ಎಂದು ಕೂಗುವುದು ಕೇಳಿಸಿತು. ಎರಡು ತಿರುವಿನವರೆಗೆ ಕೇಳಿಸಿ ಆಮೇಲೆ ನಿಂತಿತು.

ಈಗ ಬಹ್ರೇನಿನಲ್ಲಿ ಮತ್ತೆ ಶುಕ್ರವಾರಗಳು ಬರುತ್ತಿವೆ. ಅಪೊಲಿನ್‌ಗೆ ಒಂದು ಸೈಕಲ್ಲಿದೆ, ಊರಿಗೆ ಮರಳಿದ ನರ್ಸೊಬ್ಬಳು ಬಿಟ್ಟುಹೋದದ್ದು. ಹ್ಯಾಂಡಲ್ಲಿನಲ್ಲಿ ಬುಟ್ಟಿಯಿದೆ. ಜೆರಿ ಅದಕ್ಕೆ ನಗುತ್ತಾನೆ. ಮಾನಸ ಅವಳನ್ನು ಇನ್ನೂ ಆಂಟಿ ಎನ್ನುತ್ತಾಳೆ. ಸಿತ್ರಾ ಸೇತುವೆಯ ಏರಿನಲ್ಲಿ ಎಲ್ಲರೂ ಮುಂದೆ ಹೋಗಿ, ಅವಳು ಕೊನೆಯಲ್ಲಿ ಉಳಿಯುತ್ತಾಳೆ.

ಅಂಥ ಒಂದು ಶುಕ್ರವಾರ ಜೊಕಿಮ್‌ಗೆ ನೆಗಡಿ, ಮನೆಯಲ್ಲೇ ಉಳಿದ. ಎಲ್ಲರೂ ಮರಳಿದಾಗ ಮೇಜಿನ ಮೇಲೆ ಕೆಫೆಟೇರಿಯಾದಿಂದ ತರಿಸಿದ ಪರೋಟ, ಮೊಟ್ಟೆ.

"ನಮ್ಮ ಜೊಕಿಮ್ ನೋಡಿ! ನೆಗಡಿಯಲ್ಲೂ ಎಷ್ಟು ಕಷ್ಟಪಟ್ಟಿದ್ದಾನೆ," ಎಂದು ಜೆರಿ ಅವನ ಬೆನ್ನು ತಟ್ಟಿದ. ಹರಿಹರ ಹೌದೆಂದು ತಲೆಯಾಡಿಸಿದ. ಒಂದು ಫೋನಿಗೆ ಇಷ್ಟು ಹೊಗಳಿಕೆ! ವರ್ಷಗಟ್ಟಲೆ ನಸುಕಿಗೆ ಎದ್ದು ಹಿಟ್ಟು ಹುಯ್ದವಳ ಹೊಟ್ಟೆ ಉರಿಯಿತು. ಅವಳು ಪರೋಟ ಹರಿದು ಬಾಯಿಗಿಟ್ಟಳು. ತಣ್ಣಗಾಗಿತ್ತು.

ಎಲ್ಲರೂ ಹೋದ ಮೇಲೆ ಜೊಕಿಮ್ ಟೀವಿಯಲ್ಲಿ ಆ ವಿಡಿಯೊ ಹಾಕಿದ. ಕೋಟೆಯಿಂದ ಇಳಿಯುವ ಭಾಗ ಬಂದಾಗ ನಿಲ್ಲಿಸಿದ. ಅಂದು ಅವಳು ಹೋದ ಮೇಲೆ ಹಸಿದ ಮೂವರೂ ಬೇಗ ಮುಟ್ಟಲೆಂದು ಹತ್ತಿರದ ಕಾರಿನ ರಸ್ತೆ ಹಿಡಿದಿದ್ದರು, ಬಸ್ಸೊಂದರ ಹೊಗೆಯ ಹಿಂದೆ.

"ಅಪೊಲಿ," ಎಂದ, ಅವಳ ಕಡೆ ತಿರುಗದೆ. "ಆ ಕೊನೆಯ ತಿರುವು ಹೇಗಿತ್ತು?"

ಶೋಕೇಸಿನಲ್ಲಿ ಅಕ್ರೋಟು ಕಾಯಿ ಇತ್ತು, ಇನ್ನೂ ಒಡೆಯದ್ದು. ಅವಳು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. ಒಗೆದ ಬಟ್ಟೆಯ ರಾಶಿ ಅವನ ಪಕ್ಕದಲ್ಲಿತ್ತು.

"ಹೇಳ್ತೇನೆ," ಎಂದಳು. "ಮೊದಲು ಅದನ್ನು ಮಡಚಿ ಮುಗಿಸಿ."